ಊರಿಗಾಗಿ ದುಡಿಯುವವರಿಗೆ ಊರಿನ ಗೌರವ: ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಊರಿನವರೇ ಸೇರಿ ವರ್ಷಕ್ಕೊಮ್ಮೆ ಸ್ಥಳೀಯ ಆಡಳಿತದಲ್ಲಿ ದುಡಿಯುವವರನ್ನು ಕರೆದು ಗೌರವಿಸುತ್ತೇವೆ. ನಮಗೆ ಸಂಘ ಅಂತ ಇಲ್ಲ, ಲೆಟರ್‌ಹೆಡ್ ಇಲ್ಲ. ಅಕ್ಕಪಕ್ಕದ ಹಳ್ಳಿಗಳ ಹತ್ತು ಹನ್ನೆರಡು ಜನ ಇದ್ದೇವೆ, ಅಷ್ಟೆ. ಹೊಸನಗರ, ಸಾಗರ, ಸೊರಬದ ಕಡೆಯಿಂದ ಪರಿಚಯದವರು ಫೋನ್ ಮಾಡಿ ‘ನಮ್ಮೂರಲ್ಲೂ ಮಾಡಬೇಕು, ಹೇಗೆ ಶುರು ಮಾಡೋದು?’ ಅಂತ ಕೇಳುತ್ತಿರುತ್ತಾರೆ. ಅವರು ಕೇಳಿದ್ದನ್ನೂ ನಾವು ಹೇಳಿದ್ದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಯಾರನ್ನು ಗೌರವಿಸಬಹುದು?

ಗ್ರಾಮ ಪಂಚಾಯಿತಿಯ ನೀರುಗಂಟಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಜವಾನ, ಸ್ವಚ್ಛತಾಗಾರ, ಕಾರ್ಯದರ್ಶಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಪಟ್ಟಣದಲ್ಲಾದರೆ ಪೌರಕಾರ್ಮಿಕರು, ಕಸದ ಗಾಡಿಯ ಚಾಲಕರು, ನೀರು ಬಿಡುವ ವಾಲ್ವ್‌ಮನ್. ಇವರ ಜೊತೆಗೆ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ, ಆಶಾ ಕಾರ್ಯಕರ್ತೆ, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರು, ಗ್ರಾಮ ಆಡಳಿತ ಅಧಿಕಾರಿ (ನಮ್ಮ ಹಿರಿಯರ ಬಾಯಲ್ಲಿ ಇವತ್ತಿಗೂ ಶಾನುಭೋಗರು). ಮೆಸ್ಕಾಂ ಲೈನ್‌ಮನ್ ಲೆಕ್ಕಕ್ಕೆ ಸ್ಥಳೀಯ ಸಂಸ್ಥೆಯವರಲ್ಲ. ಆದರೆ ಮಳೆಗಾಲದ ರಾತ್ರಿ ಕಂಬ ಹತ್ತುವವರನ್ನು ಇಲಾಖೆ ಬೇರೆ ಅಂತ ಬಿಡಲು ನಮಗೆ ಮನಸ್ಸು ಬರಲಿಲ್ಲ, ಸೇರಿಸಿಕೊಂಡೆವು.

ಸಂಬಳ ತಗೊಂಡು ಮಾಡುವ ಕೆಲಸಕ್ಕೆ ಸನ್ಮಾನ ಯಾಕೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ. ನಮ್ಮೂರಿನ ನೀರುಗಂಟಿಯ ವಿಷಯ ಹೇಳಿದರೆ ನಮ್ಮ ಉತ್ತರ ತಿಳಿದೀತು.

ಮಲೆನಾಡಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಒಂದು ಗುಡ್ಡಕ್ಕೆ ಒಂದು ಮನೆ, ತೋಟದಾಚೆ ಇನ್ನೊಂದು. ಟ್ಯಾಂಕಿನಿಂದ ಹೊರಟ ಪೈಪು ಗದ್ದೆ ಅಂಚಲ್ಲಿ, ಹಳ್ಳದ ಅಡಿಯಲ್ಲಿ, ಕಾಡಿನ ಬೇರಿನ ನಡುವೆ ಹೋಗಿರುತ್ತದೆ. ಒಂದು ಆಷಾಢದಲ್ಲಿ ಹಳ್ಳ ಉಕ್ಕಿ ಸಂಕ (ಹಳ್ಳ ದಾಟುವ ಕಾಲುಸೇತುವೆ) ಕೊಚ್ಚಿಹೋಯಿತು, ಅದರ ಜೊತೆಗೆ ಪೈಪಿನ ಜಾಯಿಂಟೂ ಕಿತ್ತಿತು. ಆಚೆ ದಿಣ್ಣೆಯ ಏಳು ಮನೆಗೆ ನೀರಿಲ್ಲ. ಸುತ್ತ ಇಷ್ಟು ನೀರಿದ್ದೂ ಕುಡಿಯಲಿಕ್ಕೆ ಇಲ್ಲ ಅಂದರೆ ಬಯಲುಸೀಮೆಯವರು ನಂಬಲಿಕ್ಕಿಲ್ಲ, ಆದರೆ ಕೆಂಪು ನೀರನ್ನು ಮಕ್ಕಳಿಗೆ ಕುಡಿಸುವುದು ಹೇಗೆ? ನೀರುಗಂಟಿ ಸೊಂಟಕ್ಕೆ ಹಗ್ಗ ಬಿಗಿದು, ಅದನ್ನು ದಡದ ಹೊನ್ನೆ ಮರಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಜೊತೆಗಿದ್ದವರ ಕೈಗೆ ಕೊಟ್ಟು ಇಳಿದರು. ಹಲ್ಲಲ್ಲಿ ಸೈಕಲ್ ಟ್ಯೂಬಿನ ಪಟ್ಟಿ ಕಚ್ಚಿಕೊಂಡಿದ್ದರು. ಎದೆಮಟ್ಟದ ನೀರಲ್ಲಿ ಕಣ್ಣಿಗೆ ಕಾಣದ ಜಾಯಿಂಟನ್ನು ಕೈಯಲ್ಲೇ ಹುಡುಕಿ ಟ್ಯೂಬು ಸುತ್ತಿದರು. ಮೇಲೆ ಬಂದಾಗ ಕಾಲಿಗೆ ಹತ್ತಿದ್ದ ಇಂಬಳಗಳನ್ನು ಸುಣ್ಣ ಹಚ್ಚಿ ಬಿಡಿಸಿಕೊಂಡು, ‘ಇನ್ನರ್ಧ ಗಂಟೆ ಬಿಟ್ಟು ನಲ್ಲಿ ತಿರುಗಿಸಿ ನೋಡಿ’ ಅಂದು ಹೋದರು.

ಆಮೇಲೆ ನಾನು ಅವರ ಅಂಗಿ ಜೇಬಿನ ನೋಟುಪುಸ್ತಕ ನೋಡಿದ್ದೇನೆ. ಯಾವ ವಾಲ್ವ್ ಎಷ್ಟು ಗಂಟೆಗೆ ಎಂಬ ಲೆಕ್ಕದ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದರು: ‘ಮೇಲಿನಕೊಪ್ಪ ಬಾಣಂತಿ ಮನೆ, ಮೊದಲು’. ಹಾಗೆ ಬರೆದುಕೊಳ್ಳಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ವಾಲ್ವ್ ತಿರುಗಿಸುವುದಕ್ಕೆ ಸಂಬಳ ಇದೆ, ಬಾಣಂತಿ ಮನೆ ನೆನಪಿಟ್ಟುಕೊಳ್ಳುವುದಕ್ಕೆ ಯಾವ ಸಂಬಳವೂ ಇಲ್ಲ. ನಾವು ಗೌರವಿಸುವುದು ಆ ನೆನಪನ್ನು.

ಸರ್ಕಾರವೇ ಪ್ರಶಸ್ತಿ ಕೊಡುತ್ತದಲ್ಲ, ಮತ್ತೆ ನಾವು ಯಾಕೆ?

ಕೊಡುತ್ತದೆ, ಕೊಡಲೂಬೇಕು. ಏಪ್ರಿಲ್ 21ರ ಸರ್ಕಾರಿ ನೌಕರರ ದಿನದ ಹೆಸರಲ್ಲಿ ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಸರ್ವೋತ್ತಮ ಸೇವಾ ಪ್ರಶಸ್ತಿ ಇದೆ. 1947ರ ಏಪ್ರಿಲ್ 21ರಂದು ಸರ್ದಾರ್ ಪಟೇಲರು ದೆಹಲಿಯ ಮೆಟ್‌ಕಾಫ್ ಹೌಸಿನಲ್ಲಿ ಹೊಸ ಆಡಳಿತ ಸೇವೆಯ ಮೊದಲ ತಂಡಕ್ಕೆ ಮಾತಾಡಿದ ನೆನಪಿನ ದಿನ ಅದು. ಒಳ್ಳೆಯ ಕೆಲಸ ಮಾಡಿದ ಪಂಚಾಯಿತಿಗಳಿಗೆ ಗಾಂಧಿ ಗ್ರಾಮ ಪುರಸ್ಕಾರ ಇದೆ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ.

ಆದರೆ ಒಂದು ಕೊರತೆ ಉಳಿದೇ ಇದೆ. ಗಾಂಧಿ ಗ್ರಾಮ ಪುರಸ್ಕಾರ ಪಂಚಾಯಿತಿಗೆ ಸಲ್ಲುತ್ತದೆ, ಅದನ್ನು ಗಳಿಸಿಕೊಟ್ಟ ಕೈಗಳ ಹೆಸರು ಫಲಕದಲ್ಲಿ ಇರುವುದಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಪದದಲ್ಲಿ ಗೌರವ ಇದೆ, ಸರ್ಕಾರಿ ನೌಕರರು ಎಂಬ ಲೆಕ್ಕದಲ್ಲಿ ಅವರಿಲ್ಲ. ಪಂಚಾಯಿತಿಯೇ ನೇಮಿಸಿಕೊಂಡ ನೀರುಗಂಟಿಯೂ ಹಾಗೆಯೇ. ನೌಕರರಿಗೆಂದೇ ಇರುವ ಪ್ರಶಸ್ತಿಯ ಬಾಗಿಲು ಇವರಿಗೆ ತೆರೆಯುವುದು ಕಷ್ಟ. ಊರು ಮಾಡಬೇಕಾದ ಕೆಲಸ ಅಲ್ಲಿಂದ ಶುರುವಾಗುತ್ತದೆ.

‘ಸಮುದಾಯದ ಮುಂದಾಳುತನ’ ಅಂತ ಆಹ್ವಾನ ಪತ್ರಿಕೆಯಲ್ಲಿ ಬರೆಯುತ್ತೀರಿ. ಜವಾನರಿಗೋ ಆಶಾ ಕಾರ್ಯಕರ್ತೆಗೋ ಅದು ಹೇಗೆ ಹೊಂದುತ್ತದೆ?

ಅವರಿಗೇ ಹೊಂದುತ್ತದೆ. ನಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆಯ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಗೆ ಬಂದ, ಕಾಡಿನ ಉಣುಗು ಕಚ್ಚಿ ಹರಡುವ ರೋಗ, ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ಊರಿನ ಹೆಸರಿನಿಂದಲೇ ಇದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಪಟ್ಟ ಪಾಡನ್ನು ನೋಡಿದವರು ಮರೆಯುವಂತಿಲ್ಲ. ಡಿಸೆಂಬರ್ ಬಂತೆಂದರೆ ಮೇ ತಿಂಗಳವರೆಗೆ ಕಾಡಂಚಿನ ಮನೆಗಳಲ್ಲಿ ಅಳುಕು.

ಆಗ ಮನೆಮನೆಗೆ ಹೋಗಿ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಕೊಟ್ಟು, ‘ದರಗಿಗೆ (ಕಾಡಿನ ಒಣ ಎಲೆಗೆ) ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬೇರೆ ನೆನೆಸಿ’ ಅಂತ ಹೇಳಿದವರು ಆಶಾ ಕಾರ್ಯಕರ್ತೆಯರು. ತೋಟದಲ್ಲಿ ಮಂಗ ಸತ್ತು ಬಿದ್ದರೆ ಸುದ್ದಿ ಮೊದಲು ಹೋಗುವುದು ಅವರಿಗೆ. ಜ್ವರ ಬಂದವರ ಪಟ್ಟಿ ಅವರ ಕೈಯಲ್ಲಿ. ‘ದರಗು ತರದಿದ್ದರೆ ಕೊಟ್ಟಿಗೆಗೆ ಏನು ಹಾಕಲಿ?’ ಅಂತ ಸಿಡುಕಿದ ಯಜಮಾನರ ಎದುರು ಕೂತು, ಅವರ ಅಮ್ಮನ ಕಾಲಿನ ಉಣುಗನ್ನು ತಾನೇ ತೆಗೆದು ತೋರಿಸಿದ ಆಶಾ ಕಾರ್ಯಕರ್ತೆಯೊಬ್ಬರು ನಮ್ಮ ಭಾಗದಲ್ಲಿದ್ದಾರೆ. ಯಜಮಾನರು ಮಾರನೆಯ ದಿನವೇ ಎಣ್ಣೆ ಕೇಳಿಕೊಂಡು ಬಂದರು. ಹತ್ತು ಭಾಷಣಕ್ಕೆ ಕೇಳದ ಮನುಷ್ಯ ಒಬ್ಬರ ಮಾತಿಗೆ ಕೇಳಿದರೆ ಅದು ಮುಂದಾಳುತನವಲ್ಲದೆ ಇನ್ನೇನು? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಜಿನೀವಾದವರು ಕಂಡದ್ದು ನಮ್ಮೂರಿಗೆ ಕಾಣದೆ ಹೋಗಬಾರದಲ್ಲ.

ಆಯ್ಕೆ ಹೇಗೆ ಮಾಡುತ್ತೀರಿ?

ನಾವು ಅರ್ಜಿ ಕರೆಯುವುದಿಲ್ಲ. ‘ನನಗೆ ಪ್ರಶಸ್ತಿ ಕೊಡಿ’ ಅಂತ ಬರೆದುಕೊಳ್ಳುವ ಸಂಕಟವನ್ನು ಯಾರಿಗೂ ಕೊಡಬಾರದು. ಚೆನ್ನಾಗಿ ಬರೆಯಬಲ್ಲವರಿಗೆ ಪ್ರಶಸ್ತಿ ಹೋಗುತ್ತದೆ, ಚೆನ್ನಾಗಿ ದುಡಿದವರು ಹಿಂದೆ ಉಳಿಯುತ್ತಾರೆ.

ಊರಿನವರನ್ನು ಕೇಳುತ್ತೇವೆ. ಹಾಲಿನ ಡೈರಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಒಂದೇ ಪ್ರಶ್ನೆ: ‘ಈ ವರ್ಷ ಪಂಚಾಯಿತಿ ಕಡೆಯವರು ಯಾರಾದರೂ ನಿಮ್ಮ ಕಷ್ಟಕ್ಕೆ ಆದದ್ದು ಇದೆಯಾ? ಏನಾಗಿತ್ತು?’ ಹೆಸರಿಗಿಂತ ‘ಏನಾಗಿತ್ತು’ ಎಂಬುದೇ ನಮಗೆ ಮುಖ್ಯ. ‘ಅವರು ಒಳ್ಳೆಯವರು’ ಅಂದರೆ ಬರೆದುಕೊಳ್ಳುವುದಿಲ್ಲ. ‘ನಮ್ಮತ್ತೆ ಪಿಂಚಣಿ ಆಧಾರ್ ಬೆರಳು ಕೂಡದೆ ನಿಂತುಹೋಗಿತ್ತು, ಡಾಟಾ ಎಂಟ್ರಿ ಹುಡುಗಿ ಮನೆಗೇ ಬಂದು ಸರಿ ಮಾಡಿಸಿಕೊಟ್ಟಳು’ ಅಂದರೆ ಬರೆದುಕೊಳ್ಳುತ್ತೇವೆ. ಆಮೇಲೆ ಇಬ್ಬರು ಹೋಗಿ ವಿಚಾರಿಸಿ ಬರುತ್ತಾರೆ.

ಇನ್ನೊಂದು ಮಾತು. ದೂರದ ಮನೆಯವರನ್ನು, ಕಾಲೊನಿಯವರನ್ನು, ಒಂಟಿ ಹೆಂಗಸರನ್ನು ಮೊದಲು ಕೇಳಬೇಕು. ರಸ್ತೆ ಪಕ್ಕದ ದೊಡ್ಡ ಮನೆಗೆ ಎಲ್ಲರೂ ಚೆನ್ನಾಗಿಯೇ ಕೆಲಸ ಮಾಡಿಕೊಡುತ್ತಾರೆ. ನೌಕರರ ಗುಣ ತಿಳಿಯುವುದು ಯಾರ ಮಾತೂ ನಡೆಯದ ಮನೆಯ ಅಂಗಳದಲ್ಲಿ.

ಇಲಾಖೆಯ ಅನುಮತಿ ಬೇಕೆ?

ಕಾಯಂ ಸರ್ಕಾರಿ ನೌಕರರಾದರೆ ಕೇಳಿಯೇ ಮುಂದುವರಿಯಿರಿ. ನೌಕರರ ಗೌರವಾರ್ಥ ಸಭೆ, ಸನ್ಮಾನ, ಉಡುಗೊರೆಗಳ ವಿಷಯದಲ್ಲಿ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಕಟ್ಟುಪಾಡು ಹಾಕಿವೆ. ಪಿಡಿಒ ಆದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಗ್ರಾಮ ಆಡಳಿತ ಅಧಿಕಾರಿ ಆದರೆ ತಹಶೀಲ್ದಾರರಿಗೆ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಯಾರು, ಯಾವ ಕೆಲಸಕ್ಕೆ, ಯಾವತ್ತು, ಏನು ಕೊಡುತ್ತೇವೆ ಅಂತ ಬರೆದರೆ ಸಾಕು. ಚುನಾವಣಾ ನೀತಿಸಂಹಿತೆ ಇದ್ದಾಗ ಕಾರ್ಯಕ್ರಮವನ್ನೇ ಮುಂದೂಡಿ.

ಹಣ ಕೊಡಬಹುದೇ? ಉಂಗುರ, ಬೆಳ್ಳಿ ತಟ್ಟೆ?

ಬೇಡ. ನಾಳೆ ನಿಮ್ಮ ಖಾತೆ ಬದಲಾವಣೆಯ ಕಡತ ಅವರ ಮೇಜಿನ ಮೇಲೆ ಬರುತ್ತದೆ. ಇಬ್ಬರ ಮುಖಕ್ಕೂ ಮಸಿ ಹತ್ತಿಸುವ ಕೆಲಸ ಅದು. ಮುಖ್ಯವಾಗಿ, ಅಡಿಕೆ ಮಂಡಿಯವರಿಂದಲೋ ಗುತ್ತಿಗೆದಾರರಿಂದಲೋ ಪ್ರಾಯೋಜಕತ್ವ ತರಬೇಡಿ. ನಮ್ಮಲ್ಲಿ ಮನೆಗೆ ಇಪ್ಪತ್ತೋ ಐವತ್ತೋ ಹಾಕಿಕೊಳ್ಳುತ್ತೇವೆ, ಅಡುಗೆಗೆ ತೆಂಗಿನಕಾಯಿ, ಬಾಳೆಎಲೆ, ಮಜ್ಜಿಗೆ ತೋಟದ್ದು.

ಪ್ಲಾಸ್ಟಿಕ್ ಗಾಜಿನ ನೆನಪಿನ ಕಾಣಿಕೆಯನ್ನು ನಾವು ಮೂರನೇ ವರ್ಷಕ್ಕೇ ಬಿಟ್ಟೆವು. ಈಗ ಕೊಡುವುದು ಹಸೆ ಚಿತ್ತಾರದ ಒಂದು ಸಣ್ಣ ಹಲಗೆ. ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ, ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆಯುವ ಗೆರೆಗಳು ಅವು. ಬರೆದವರಿಗೆ ನಾಲ್ಕು ಕಾಸು ಸಿಗುತ್ತದೆ, ಪಡೆದವರು ಗೋಡೆಗೆ ಹಾಕಿಕೊಳ್ಳುತ್ತಾರೆ. ಸಾಗರ, ಸೊರಬದ ಗುಡಿಗಾರರ ಕೆತ್ತನೆಯ ಕೆಲಸವೂ ಚೆಂದ. ಕೈಗೆಟಕುವಂತಿದ್ದರೆ ಅದೂ ಆಗಬಹುದು.

ಪೌರಕಾರ್ಮಿಕರನ್ನು ಗೌರವಿಸುವಾಗ ಏನು ಗಮನಿಸಬೇಕು?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ.

ವರ್ಷಗಳ ಹಿಂದೆ ಒಂದು ಪಟ್ಟಣದ ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆಯ ಮೇಲೆ ಗಣ್ಯರಿಗೆ ಕುರ್ಚಿ. ಸನ್ಮಾನಿತರಾದ ಪೌರಕಾರ್ಮಿಕರು ಒಂದು ಬದಿಯಲ್ಲಿ ಸಾಲಾಗಿ ನಿಂತಿದ್ದರು. ಎರಡು ಗಂಟೆ ಭಾಷಣ. ಆಮೇಲೆ ಹೆಸರು ಓದಿದರು, ಶಾಲು ಹೊದಿಸಿದರು, ಫೋಟೊ ಆಯಿತು, ಮುಂದಿನವರು ಬಂದರು. ಒಬ್ಬ ಅಕ್ಕ ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಲು ಹಿಂಜರಿದರು. ‘ಕೂತ್ಕೊಳಿ ಅಕ್ಕಾ’ ಅಂದೆ. ‘ಹೆಸರು ತಪ್ಪು ಓದಿದ್ರು ನೋಡಿ’ ಅಂದರು. ಅಷ್ಟೇ ಅಂದದ್ದು. ಕೊನೆಗೆ ಕುಡಿದು ಎಸೆದ ನೀರಿನ ಬಾಟಲಿಗಳನ್ನು ಅವರೇ ಹೆಕ್ಕಿದರು. ನಮ್ಮ ಹಳ್ಳಿಯಲ್ಲಿ ಈ ಕೆಲಸ ಶುರುವಾದದ್ದು ಆ ಸಂಜೆಯ ಬೇಜಾರಿನಿಂದ.

ಆದ್ದರಿಂದ ನಮ್ಮಲ್ಲಿ ಸನ್ಮಾನಿತರು ಮನೆಯವರೊಂದಿಗೆ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಭಾಷಣ ಮಾಡುವವರು ನಿಲ್ಲುತ್ತಾರೆ. ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇವೆ. ಊಟಕ್ಕೆ ಮೊದಲ ಪಂಕ್ತಿ ಅವರದು, ಒಂದೇ ಸಾಲಿನಲ್ಲಿ ಎಲ್ಲರ ಜೊತೆ, ಬಡಿಸುವವರು ನಾವು. ಅವತ್ತು ಚಪ್ಪರ ಗುಡಿಸುವುದು, ಎಲೆ ತೆಗೆಯುವುದು ಊರಿನ ಹುಡುಗರ ಕೆಲಸ.

ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಹಟ ಹಿಡಿದು ನಿಷೇಧ ತಂದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಅವರ ಸಮಿತಿ ಪೌರಕಾರ್ಮಿಕರ ಬದುಕಿನ ಬಗ್ಗೆ ವರದಿ ಕೊಟ್ಟಿತು. ಕೈಯಿಂದ ಮಲ ಬಾಚಿಸುವುದನ್ನು ದೇಶದಲ್ಲಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಮತ್ತೊಂದು ಕಾನೂನು ನಿಷೇಧಿಸಿವೆ. ಗುಂಡಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಶಾಲು ಹೊದಿಸುವ ಮೊದಲು ಅವರಿಗೆ ಕೈಗವಸು, ಗಮ್‌ಬೂಟು, ಮಳೆಕೋಟು ಸಿಕ್ಕಿದೆಯಾ, ಬೆಳಗಿನ ತಿಂಡಿ ಹೊತ್ತಿಗೆ ಬರುತ್ತಿದೆಯಾ ಅಂತ ಕೇಳಿ. ಇಲ್ಲವಾದರೆ ಮೊದಲು ಅದಕ್ಕೆ ಅರ್ಜಿ ಬರೆಯಿರಿ.

ವೇತನವೇ ಬಾಕಿ ಇರುವಾಗ ಸನ್ಮಾನ ಮಾಡುವುದು ಸರಿಯೇ?

ನಮಗೂ ಈ ಪ್ರಶ್ನೆ ಎದುರಾಗಿತ್ತು. ಒಂದು ವರ್ಷ ಆಯ್ಕೆಯಾದವರಿಗೆ ಹಲವು ತಿಂಗಳ ಬಾಕಿ ಇತ್ತು. ‘ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಹೂ’ ಆಗುತ್ತದೆ ಅಂತ ನಮ್ಮಲ್ಲೇ ಒಬ್ಬರು ನೇರವಾಗಿ ಹೇಳಿದರು. ಕಾರ್ಯಕ್ರಮ ಮುಂದೆ ಹಾಕಿದೆವು. ಗ್ರಾಮಸಭೆಯಲ್ಲಿ ಎದ್ದು ನಿಂತು ಬಾಕಿಯ ವಿಷಯ ಕೇಳಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು, ಅಲ್ಲಿ ಕೇಳಿದ್ದಕ್ಕೆ ತೂಕ ಇದೆ. ಜೊತೆಗೆ ನಮ್ಮ ಕಡೆಯ ತಪ್ಪೂ ಕಂಡಿತು. ಅರ್ಧ ಊರು ನೀರಿನ ಕರ ಕಟ್ಟಿರಲಿಲ್ಲ. ಮನೆಮನೆಗೆ ಹೋಗಿ ಕಟ್ಟಿಸಿದೆವು. ಬಾಕಿ ಚುಕ್ತಾ ಆದ ಮೇಲೆಯೇ ಕಾರ್ಯಕ್ರಮ ನಡೆದದ್ದು.

ಹೊರಗುತ್ತಿಗೆಯವರನ್ನೂ ಸೇರಿಸಬಹುದೇ?

ಖಂಡಿತ. ಕೆಲಸ ಯಾರು ಮಾಡಿದರು ಅಂತ ನೋಡಿ, ನೇಮಕಾತಿ ಆದೇಶ ನೋಡಬೇಡಿ.

ಯಾವ ತಿಂಗಳು ಒಳ್ಳೆಯದು?

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಆಗುಂಬೆಯ ಈ ಕಡೆ ಮಳೆ ಹಿಡಿದರೆ ಯಾರೂ ಬರಲಾರರು, ಮತ್ತು ನಾವು ಗೌರವಿಸಬೇಕಾದವರೇ ಆಗ ಮೈಮುರಿದು ದುಡಿಯುತ್ತಿರುತ್ತಾರೆ. ದೀಪಾವಳಿ ಕಳೆದರೆ ಅಡಿಕೆ ಕೊಯ್ಲು, ಸುಲಿಯುವ ಗಡಿಬಿಡಿ. ನಾವು ಆರಿಸಿಕೊಂಡದ್ದು ಏಪ್ರಿಲ್ 24ರ ಆಸುಪಾಸು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದ ದಿನ, ರಾಷ್ಟ್ರೀಯ ಪಂಚಾಯತ್ ರಾಜ್ ದಿನ. ಶಾಲೆಗೆ ರಜೆ, ಮಕ್ಕಳೂ ಬರುತ್ತಾರೆ. ಪಟ್ಟಣದವರಿಗೆ ಸೆಪ್ಟೆಂಬರ್ 23 ಸಹಜ. ಗ್ರಂಥಾಲಯದವರಿಗೆ ಎಸ್.ಆರ್. ರಂಗನಾಥನ್ ಹುಟ್ಟಿದ ಆಗಸ್ಟ್ 12 ಇದೆ, ಒಳಾಂಗಣದಲ್ಲಿ ಮಕ್ಕಳ ಜೊತೆ ಪುಟ್ಟದಾಗಿ ಮಾಡಬಹುದು.

ಫ್ಲೆಕ್ಸ್ ಹಾಕಬೇಕಾ?

ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಸ್ವಚ್ಛತಾಗಾರರ ಸನ್ಮಾನಕ್ಕೆ ಅದನ್ನೇ ಕಟ್ಟಿದರೆ ಬಿಚ್ಚಿ ಹೊರುವವರೂ ಅವರೇ. ಬಟ್ಟೆಯ ಮೇಲೆ ಬರೆಸಿ.

ಒಬ್ಬರನ್ನು ಕರೆದರೆ ಉಳಿದವರಿಗೆ ಬೇಸರವಾಗುವುದಿಲ್ಲವೇ?

ಆಗುತ್ತದೆ. ಪೂರ್ತಿ ತಪ್ಪಿಸಲು ಆಗಿಲ್ಲ. ಸಿಬ್ಬಂದಿಯನ್ನೆಲ್ಲ ಊಟಕ್ಕೆ ಕರೆಯುತ್ತೇವೆ, ಗೌರವ ಪಡೆದವರು ತಮ್ಮ ಜೊತೆ ದುಡಿದವರ ಹೆಸರು ಹೇಳಲು ಸಮಯ ಕೊಡುತ್ತೇವೆ. ನಮ್ಮ ನೀರುಗಂಟಿ ಮೈಕಿನ ಮುಂದೆ ಆಡಿದ್ದು ಒಂದೇ ಮಾತು: ‘ಹಗ್ಗ ಹಿಡಿದವ ಬಿಲ್ ಕಲೆಕ್ಟರ್. ಅವ ಬಿಟ್ಟಿದ್ರೆ ನಾನು ತುಂಗೆ ಸೇರ್ತಿದ್ದೆ’. ಮಾರನೆಯ ವರ್ಷ ಬಿಲ್ ಕಲೆಕ್ಟರನ್ನು ಕರೆದೆವು.

ವೇದಿಕೆ ಬೇಡ ಅಂದರೆ?

ಒತ್ತಾಯ ಮಾಡಬೇಡಿ. ಅಂಗನವಾಡಿ ಸಹಾಯಕಿಯೊಬ್ಬರು ‘ನಂಗೆ ಮೈಕ್ ಅಂದ್ರೆ ಎದೆ ಹೊಡ್ಕೊಳ್ತದೆ ಮಾರಾಯ್ರೆ’ ಅಂದರು. ಐದಾರು ತಾಯಂದಿರು ಅವರ ಮನೆ ಜಗಲಿಗೇ ಹೋಗಿ, ಕಾಫಿ ಕುಡಿದು, ಬಿನ್ನವತ್ತಳೆ ಓದಿ ಬಂದರು.

ಗೌರವಿಸಿದವರ ಮೇಲೆ ಆಮೇಲೆ ದೂರು ಬಂದರೆ?

ದೂರು ದೂರಿನ ದಾರಿಯಲ್ಲಿ ವಿಚಾರಣೆಯಾಗಲಿ. ನಾವು ಗೌರವಿಸಿದ್ದು ಇಂಥ ದಿನದ ಇಂಥ ಕೆಲಸಕ್ಕೆ ಅಂತ ಬರವಣಿಗೆಯಲ್ಲಿ ಇದ್ದರೆ ಊರಿಗೂ ಅವರಿಗೂ ಗೊಂದಲ ಇರುವುದಿಲ್ಲ. ಈ ಸನ್ಮಾನ ತೋರಿಸಿ ಯಾರೂ ತನಿಖೆಯಿಂದ ತಪ್ಪಿಸಿಕೊಳ್ಳಬಾರದು.

ಬಿನ್ನವತ್ತಳೆ ಬರೆಯುವುದು ಹೇಗೆ? ಮಾದರಿ ಇದೆಯೇ?

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ತರಬೇಡಿ. ‘ಕರ್ತವ್ಯನಿಷ್ಠರೂ ಸರಳ ಸಜ್ಜನರೂ ಆದ’ ಅಂತ ಯಾರಿಗೆ ಬೇಕಾದರೂ ಬರೆಯಬಹುದು. ಒಂದು ಪುಟ ಸಾಕು. ಜಾಗದ ಹೆಸರು, ತಿಂಗಳು, ಮಾಡಿದ ಕೆಲಸ, ಅದರಿಂದ ಯಾರಿಗೆ ಏನಾಯಿತು. ಆ ಉಪಕಾರ ಪಡೆದವರೇ ಓದಬೇಕು, ತಡವರಿಸಿದರೂ ಪರವಾಗಿಲ್ಲ. ನಮ್ಮ ಮೊದಲ ವರ್ಷದ್ದು ಇಲ್ಲಿದೆ, ಹೆಸರು ಬಿಟ್ಟಿದ್ದೇನೆ. ಓದಿದವರು ಆ ಬಾಣಂತಿ, ಮಗು ಅವರ ಅಮ್ಮನ ತೊಡೆಯ ಮೇಲಿತ್ತು.

‘ನಮ್ಮ ನೀರುಗಂಟಿಯವರಿಗೆ. ಆಷಾಢದ ಮಳೆಯಲ್ಲಿ ಸಂಕ ಹೋದ ದಿನ ನೀವು ಹಳ್ಳಕ್ಕೆ ಇಳಿದಿರಿ. ನನ್ನ ಮಗುವಿಗೆ ಆಗ ಹನ್ನೊಂದು ದಿನ. ಬೆಳಿಗ್ಗೆಯಿಂದ ಮಾಡಿನ ನೀರು ಹಿಡಿದು ಕಾಯಿಸುತ್ತಿದ್ದೆವು. ನಾಲ್ಕು ಗಂಟೆಗೆ ನಲ್ಲಿಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಆ ನೀರಲ್ಲಿ ಮಗುವಿಗೆ ಎರೆದೆವು. ಅವಳಿಗೆ ಈಗ ಒಂಬತ್ತು ತಿಂಗಳು. ಇದನ್ನು ನಿಮ್ಮೆದುರು ಹೇಳಬೇಕಿತ್ತು.’